ಓರೆ ಅಕ್ಷರದ ಮಾತುಗಳು

ಯಾರಾದರೂ "ನೀವು ಕಂಪ್ಯೂಟರ್ ಬಲ್ಲವರು" ಅಂದರೆ ಈಗ ನನಗೆ ಮೈ ಉರಿಯುತ್ತದೆ. ಮೊದಲು ಹಾಗಿರಲಿಲ್ಲ, ಯಾರಾದರೂ ಅನ್ನಲಿ ಅಂತ ಕಾದಿರುತ್ತಿದ್ದೆ. ಮೈಸೂರಿನಿಂದ ಕಾಶಿಗೆ ಬಂದು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಪಾಠ ಮಾಡುವವಳು ನಾನು. ಮಳೆಯ ಅಂಕಿಗಳನ್ನು ಜಾಲಪುಟಗಳಿಂದ ಎತ್ತಿಕೊಳ್ಳಲು ಸಣ್ಣಪುಟ್ಟ ಸ್ಕ್ರಿಪ್ಟ್ ಬರೆಯುವುದನ್ನು ಕಲಿತಿದ್ದೆ. ಅಷ್ಟಕ್ಕೇ ಊರಿನ ಕನ್ನಡದವರ ನಡುವೆ ಮೆರೆಯುತ್ತಿದ್ದೆ.

ಜಂಗಮವಾಡಿ ಮಠದ ಗಲ್ಲಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ವಿಜಯಪುರದ ಕಡೆಯವರು. ನೆಂಟಸ್ತಿಕೆ ಏನೂ ಇಲ್ಲ, ಇಲ್ಲಿಯ ಕನ್ನಡದವರಿಗೆಲ್ಲ ಅವರು ಅಕ್ಕ. ಗಂಡ ಡಾಕ್ಟರು. ಮೂವತ್ತು ವರ್ಷ ಇಲ್ಲಿಯ ರೋಗಿಗಳ ಜೊತೆ ಹಿಂದಿಯಲ್ಲಿ ಮಾತಾಡಿ ಮಾತಾಡಿ, ಮನೆಯಲ್ಲೂ ಅರ್ಧ ಹಿಂದಿಯೇ ಆಡುತ್ತಿದ್ದರು. ಅಕ್ಕ ಮಾತ್ರ ಹಟಕ್ಕೆ ಬಿದ್ದು ಕನ್ನಡ ಇಟ್ಟುಕೊಂಡಿದ್ದರು. ದುಡ್ಡು ಕೇಳದ ಒಂದು ತಾಣದಲ್ಲಿ ತಮ್ಮದೇ ಪುಟ ಮಾಡಿಕೊಂಡು ಪ್ರತಿ ಸೋಮವಾರ ಏನಾದರೊಂದು ಬರೆಯುತ್ತಿದ್ದರು. ಗಲ್ಲಿಯ ಕೋತಿಗಳ ಕಾಟ, ಮಠಕ್ಕೆ ಬಂದ ಯಾತ್ರಿಕರ ಪಜೀತಿ, ಗಂಗೆ ಏರಿದಾಗ ಕೆಳಗಿನ ಮನೆಯವರು ಇವರ ಪಡಸಾಲೆಯಲ್ಲಿ ಬಂದು ಕೂತದ್ದು.

ಬರೆಯುವಾಗ ಅವರದೊಂದು ಮಡಿ ಇತ್ತು. ಸಬ್ಜಿ, ದವಾಯಿ, ಗಮ್ಛಾ, ಹಿಂದಿಯ ಯಾವ ಮಾತು ಬಂದರೂ ಅದನ್ನು ಓರೆ ಅಕ್ಷರದಲ್ಲಿ, ಇಟಾಲಿಕ್ಸ್ ಅನ್ನುತ್ತಾರಲ್ಲ ಅದರಲ್ಲಿ, ಹಾಕಲೇಬೇಕು. ಯಾಕೆ ಅಂತ ಒಮ್ಮೆ ಕೇಳಿದ್ದೆ.

"ಅವು ನಮ್ಮ ಮಾತಲ್ಲ ತಂಗಿ. ಬಂದವರನ್ನ ಹೊರಗಿನ ಕಟ್ಟಿ ಮ್ಯಾಲ ಕೂಡಿಸ್ತೀವಲ್ಲ, ಹಂಗ," ಅಂದಿದ್ದರು.

ಡಾಕ್ಟರು ಹಾಸಿಗೆ ಹಿಡಿದು ಒಂದು ವರ್ಷ ಮಲಗಿದರು. ಆ ವರ್ಷವೂ ಅಕ್ಕ ಒಂದು ಸೋಮವಾರ ತಪ್ಪಿಸಲಿಲ್ಲ. ಗಂಡ ಏನು ಉಂಡರು, ಏನು ಬೇಡವೆಂದರು, ಯಾವ ದಿನ ಏನಾಡಿದರು, ಎಲ್ಲ ಅಲ್ಲಿ ಬರೆದರು. ಮಲಗಿದ ಮೇಲೆ ಡಾಕ್ಟರಿಗೆ ಕನ್ನಡ ಪೂರ್ತಿ ಬಿಟ್ಟೇಹೋಗಿತ್ತು. ಹೆಂಡತಿಯ ಜೊತೆಗೂ ಹಿಂದಿಯೇ. ಆಮೇಲೆ ಅವರು ಹೋದರು.

ವರ್ಷದ ಪುಣ್ಯಸ್ಮರಣೆಗೆ ಒಂದೂವರೆ ತಿಂಗಳಿತ್ತು. ತಾಣ ನಡೆಸುವವರಿಂದ ಅಕ್ಕನಿಗೆ ಮೇಲ್ ಬಂತು. ತಿಂಗಳೊಳಗೆ ತಾಣ ಮುಚ್ಚುತ್ತೇವೆ, ನಿಮ್ಮದನ್ನು ನೀವು ಇಳಿಸಿಕೊಳ್ಳಿ ಅಂತ. ಅಕ್ಕ ಎಲ್ಲವನ್ನೂ ನೇರ ಆ ಪುಟದಲ್ಲೇ ಟೈಪ್ ಮಾಡಿದವರು, ಬೇರೆಲ್ಲೂ ಪ್ರತಿ ಇರಲಿಲ್ಲ. ನಾನು ಹೋದಾಗ ಮಗ್ಗುಲಲ್ಲಿ ದಪ್ಪ ನೋಟ್‌ಬುಕ್ಕು ಇಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು.

"ಕೈಲೆ ಬರಕೋತೀನಿ ತಂಗಿ. ಅವರು ಮಲಗಿದ ವರ್ಷದ್ದು ಮೊದಲ. ಸ್ಮರಣೆ ದಿನ ಎಲ್ಲಾರ ಮುಂದ ಅದನ್ನ ಓದೂದೈತಿ. ತಿಂಗಳ ಟೈಮ್ ಐತಲ್ಲ, ಆಗತೈತಿ."

ನಾನು ನಕ್ಕೆ. ಆ ನಗು ನೆನೆದರೆ ನನಗೇ ಅಸಹ್ಯವಾಗುತ್ತದೆ.

"ಯಾವ ಕಾಲದಲ್ಲಿದ್ದೀರಿ ಅಕ್ಕಾ? ಕೈ ಬಿದ್ದುಹೋಗುತ್ತೆ. ಒಂದು ಸ್ಕ್ರಿಪ್ಟ್ ಬರೀತೀನಿ, ನೀವು ಊಟ ಮುಗಿಸೋದ್ರೊಳಗೆ ಎಲ್ಲಾ ಇಳಿಸಿಕೊಡುತ್ತೆ."

"ಏನೂ ಬಿಡೂದಿಲ್ಲ ಹೌದಿಲ್ಲೋ?"

"ಒಂದಕ್ಷರ ಬಿಡಲ್ಲ," ಅಂದೆ. ನೋಟ್‌ಬುಕ್ಕನ್ನು ನಾನೇ ಎತ್ತಿ ಕಪಾಟಿನ ಮೇಲಿಟ್ಟೆ.

ಜಾಲಪುಟದ ಹಿಂದೆ, ಓದುಗರಿಗೆ ಕಾಣದ ಹಾಗೆ, ಗುರುತುಗಳಿರುತ್ತವೆ. ಇಲ್ಲಿಂದ ಪ್ಯಾರಾ ಶುರು, ಇಲ್ಲಿಗೆ ಮುಗಿಯಿತು ಅಂತ ಹೇಳುವ ಟ್ಯಾಗ್‌ಗಳು. ಪ್ಯಾರಾದ ಶುರುವಿನ ಟ್ಯಾಗಿನಿಂದ ಅದರ ಮುಕ್ತಾಯದ ಟ್ಯಾಗಿನವರೆಗೆ ಇರುವ ಬರಹವನ್ನು ಎತ್ತಿಕೋ ಅಂತ ಸ್ಕ್ರಿಪ್ಟಿಗೆ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ: ಶುರುವಿನ ಟ್ಯಾಗ್ ಕಂಡಲ್ಲಿಂದ ಎತ್ತಿಕೋ, ಮುಂದೆ ಯಾವುದೇ ಟ್ಯಾಗ್ ಸಿಕ್ಕರೂ ನಿಲ್ಲಿಸು. ಮಳೆಯ ಅಂಕಿಗಳಿಗೆ ಅಷ್ಟು ಸಾಕಾಗುತ್ತಿತ್ತು. ಆ ಹಳೇ ಸ್ಕ್ರಿಪ್ಟನ್ನೇ ತಂದು ಎರಡು ಸಾಲು ತಿದ್ದಿ ಓಡಿಸಿದೆ. ಹೇಳಿದ ಹಾಗೆ ಅಕ್ಕ ಊಟ ಮುಗಿಸುವುದರೊಳಗೆ ಕೆಲಸ ಆಯಿತು.

ಪರೀಕ್ಷೆ ಮಾಡಲಿಲ್ಲ ಅಂತಲ್ಲ, ಮಾಡಿದೆ. ಎಷ್ಟು ಸೋಮವಾರಗಳ ಬರಹ ಇದ್ದವೋ ಅಷ್ಟೂ ಬಂದಿದ್ದವು. ಮೊದಲ ಹತ್ತನ್ನು ತೆರೆದು ನೋಡಿದೆ, ಅಚ್ಚುಕಟ್ಟಾಗಿದ್ದವು. ಯಾಕಿರುವುದಿಲ್ಲ? ಅವು ಅಕ್ಕ ಹೊಸದಾಗಿ ಬರೆಯತೊಡಗಿದಾಗಿನವು, ಹಿಂದಿಯ ಸೋಂಕೇ ಇರಲಿಲ್ಲ. ವರ್ಷ ಕಳೆದಂತೆ ಗಲ್ಲಿಯ ಮಾತು ಅವರ ಕನ್ನಡದೊಳಗೆ ಬಂದು ಕೂತಿತ್ತು. ಓರೆ ಅಕ್ಷರಕ್ಕೂ ಒಂದು ಟ್ಯಾಗ್ ಇರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತಾಣ ಮುಚ್ಚಿತು. ನಾನು ಪರೀಕ್ಷೆ, ಪೇಪರ್ ತಿದ್ದುವುದು ಅಂತ ದಿನ ದೂಡಿ, ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ಅಸ್ಸಿ ಘಾಟಿನ ಹತ್ತಿರದ ಅಂಗಡಿಯಲ್ಲಿ ಎಲ್ಲವನ್ನೂ ಪ್ರಿಂಟ್ ತೆಗೆಸಿ, ಚೆಂದದ ರಟ್ಟು ಹಾಕಿಸಿ, ಸೈಕಲ್ ರಿಕ್ಷಾ ಹತ್ತಿ ಹೋದೆ. ಪಡಸಾಲೆ ತುಂಬ ಜನ. ಮಠದಿಂದ ಸ್ವಾಮಿಗಳು ಬಂದಿದ್ದರು, ಇತ್ತ ಸಾರನಾಥದಿಂದ ಅತ್ತ ವಿಶ್ವವಿದ್ಯಾಲಯದವರೆಗಿನ ಕನ್ನಡದ ಮನೆಗಳೆಲ್ಲ ಬಂದಿದ್ದವು. ಅಕ್ಕ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಗಂಡ ಮಲಗಿದ ವರ್ಷದ ಪುಟ ತೆಗೆದು ಓದತೊಡಗಿದರು.

"ಹಾಲು ಕುಡಿಸಾಕ ಹ್ವಾದ್ರ ಮಾರಿ ತಿರುವಿ ಅಂದ್ರು..." ಅಲ್ಲಿಗೆ ನಿಂತಿತು. ಪುಟ ಮಗುಚಿದರು. "ಇವತ್ತ ಜ್ವರ ಇಳದಿತ್ತು. ಕಿಟಕಿ ಕಡೆ ನೋಡಿ ನಕ್ಕೋತ..." ಮತ್ತೆ ನಿಂತಿತು. ಇನ್ನೊಂದು ಪುಟ, ಮತ್ತೊಂದು ಪುಟ. "ಇವತ್ತ ನನ್ನ ಗುರುತ ಹಿಡದ್ರು. ಹತ್ತಿರ ಕರದು, ಕಿವ್ಯಾಗ..."

ನನಗೆ ಆಗ ಅರ್ಥವಾಯಿತು. ಆ ವರ್ಷ ಡಾಕ್ಟರು ಆಡಿದ್ದೆಲ್ಲ ಹಿಂದಿ. ಅವರ ಮಾತೆಲ್ಲವನ್ನೂ ಅಕ್ಕ ಓರೆ ಅಕ್ಷರದಲ್ಲಿ ಹಾಕಿದ್ದರು. ಎಲ್ಲೆಲ್ಲಿ ಅವರು ಬಾಯಿ ತೆರೆದಿದ್ದರೋ ಅಲ್ಲಲ್ಲಿ ನನ್ನ ಸ್ಕ್ರಿಪ್ಟ್ ಕತ್ತರಿ ಹಾಕಿತ್ತು. ಪ್ಯಾರಾದ ಉಳಿದ ಕನ್ನಡವೂ ಅದರ ಜೊತೆಗೇ ಹೋಗಿತ್ತು. ಹೆಂಡತಿ ಮಾಡಿದ ಚಾಕರಿಯ ತುಂಡುಗಳಷ್ಟೇ ಉಳಿದಿದ್ದವು. ಗಂಡನ ಒಂದು ಮಾತೂ ಇರಲಿಲ್ಲ.

ಅಲ್ಲೇ, ಎಲ್ಲರ ಮುಂದೆ ಹೇಳಿದೆ. ತಪ್ಪು ನನ್ನದು, ತಾಣ ಮುಚ್ಚಿದೆ, ಇನ್ನು ಸಿಗುವುದಿಲ್ಲ ಅಂತ. ಅಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

"ಬರದಿಟ್ಟೀನಲ್ಲ ಅಂತ ನೆನಪಿಡಲಿಲ್ಲ ನಾ," ಅಂದರು. "ಕಿವ್ಯಾಗ ಏನೋ ಅಂದಿದ್ರು. ಭಾಳ ಛಲೋ ಮಾತು. ಬರಿಯೂವಾಗ ಅತ್ತಿದ್ದೆ. ಮಾತ ಮರತೈತಿ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಎಲ್ಲಾ ಓದಿದಾಕಿ. ಮುಂದ ಏನಿತ್ತು, ನೀನರ ಹೇಳು."

ಪ್ರತಿ ಸೋಮವಾರ ಅಕ್ಕ ಫೋನ್ ಮಾಡಿ "ಹಾಕೀನಿ ನೋಡವಾ" ಅನ್ನುತ್ತಿದ್ದರು. ನಾನು ಮಾರನೇ ದಿನ "ಓದಿದೆ ಅಕ್ಕಾ, ಕಣ್ಣಲ್ಲಿ ನೀರು ಬಂತು" ಅನ್ನುತ್ತಿದ್ದೆ. ಆ ವರ್ಷದ್ದು ನಾನು ಒಂದೂ ಓದಿರಲಿಲ್ಲ.

"ನಾನು ಓದಿಲ್ಲ ಅಕ್ಕಾ," ಅಂದೆ.

"ಒಂದೂ?"

"ಒಂದೂ ಇಲ್ಲ."

ಅಕ್ಕ ಪಡಸಾಲೆಯ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಅವರ ಬರಹವನ್ನು ಹೊಗಳದವರು ಅಲ್ಲಿ ಯಾರೂ ಇರಲಿಲ್ಲ. "ಯಾರರ ಓದೀರೇನ್ರಿ?" ಅಂತ ಕೇಳಿದರು. ಒಬ್ಬರು ಫೋನ್ ನೋಡಿಕೊಂಡರು, ಒಬ್ಬರು ಚಾಪೆಯ ಅಂಚು ಸರಿಮಾಡಿದರು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಎಲಿ ಹಾಕ್ಯಾರ," ಅಂದರು. "ಊಟಕ್ಕ ಏಳ್ರಿ ಎಲ್ಲಾರೂ."