ನಮ್ಮನೆಯವರ ಬಾಯಿ ಮತ್ತು ಕಾಲೇಜಿನ ಫುಟ್‌ಬಾಲ್ ಟೀಮು

ನಾನು ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಟ್ಟುಕೊಂಡು ಕೂತ ಜನರನ್ನೇ ನೋಡುತ್ತೇನೆ. ಬಾಯಿ ಎಷ್ಟೇ ಅಗಲವಿರಲಿ, ಒಳಗೆ ಕನ್ನಡಿ, ಕೊಳವೆ, ಹತ್ತಿಯ ಸುರುಳಿ, ಡಾಕ್ಟರಮ್ಮನ ಬೆರಳು ಎಲ್ಲ ಸೇರಿಕೊಂಡಿರುವುದರಿಂದ ಒಂದು ಮಾತೂ ಹೊರಗೆ ಬರುವುದಿಲ್ಲ. ನನ್ನ ದಿನದ ವಿಶ್ರಾಂತಿ ಅಂದರೆ ಅದೇ. ಯಾಕೆಂದರೆ ಮನೆಗೆ ಹೋದರೆ ನಮ್ಮನೆಯವರಿದ್ದಾರೆ.

ನಮ್ಮನೆಯವರು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚು. ಹುಡುಗರು ಬೆನ್ನ ಹಿಂದೆ ಇಟ್ಟಿರುವ ಹೆಸರು ಮೈಕ್ ಮಾಸ್ಟರು. ಹುಡುಗರದ್ದೇನೂ ತಪ್ಪಿಲ್ಲ. ನಮ್ಮತ್ತೆಯೇ ನನಗೆ ಮದುವೆಯಾದ ಹೊಸದರಲ್ಲಿ ಹೇಳಿದ್ದರು: "ಅವನು ಹುಟ್ಟಿದಾಗ ಎಲ್ಲಾ ಮಕ್ಕಳ ಹಾಗೆ ಅಳ್ಲಿಲ್ಲ ಕಣೇ. ಏನೋ ವಿವರಣೆ ಕೊಡ್ತಿದ್ದ ಹಾಗಿತ್ತು." ಇದನ್ನು ಮದುವೆಗೆ ಮುಂಚೆ ಹೇಳಬಹುದಿತ್ತು, ಹೇಳಲಿಲ್ಲ. ಹೆತ್ತ ತಾಯಿಯಲ್ಲವೇ, ಜಾಣೆ.

ಇವರು ಮಾತಾಡುವುದು ಜಗಳಕ್ಕಲ್ಲ, ಜಂಬಕ್ಕೂ ಅಲ್ಲ. ಎದುರಿಗಿರುವವರಿಗೆ ಧೈರ್ಯ ತುಂಬಬೇಕು, ಅಷ್ಟೇ. ಕೇಳಲಿ ಬಿಡಲಿ, ತುಂಬಿಯೇ ತುಂಬುತ್ತಾರೆ. ಒಮ್ಮೆ ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದವನಿಗೆ ಛಲ, ಗುರಿ, ಮನೆಯವರ ತ್ಯಾಗ ಅಂತ ಶುರು ಮಾಡಿದರು. ಪಾಪ, ಆತ ವಾಷರ್ ಹಾಕುವುದನ್ನೇ ಮರೆತು ಕಣ್ಣೊರೆಸಿಕೊಂಡು ಹೋಗಿಬಿಟ್ಟ. ನಲ್ಲಿ ಮತ್ತೆರಡು ತಿಂಗಳು ಸೋರಿತು. ನಮ್ಮ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಮುಂಚೆ ಮರಗಟ್ಟುವುದಕ್ಕೆ ಇಂಜೆಕ್ಷನ್ ಕೊಡುತ್ತೇವೆ. ಇವರು ಕೊರೆಯುವಾಗ ಆ ಸೌಲಭ್ಯವೂ ಇಲ್ಲ.

ಇದೆಲ್ಲ ಎಲ್ಲಿಂದ ಬಂತು ಅಂತ ನನಗೊಬ್ಬಳಿಗೆ ಗೊತ್ತು. ಓದುವ ಕಾಲದಲ್ಲಿ ಇವರೂ ಇದೇ ಕಾಲೇಜಿನ ಟೀಮಿನಲ್ಲಿದ್ದರು. ಇದ್ದರು ಅಂದರೆ, ಬೆಂಚಿನ ಮೇಲೆ ಇದ್ದರು. ಆಟ ಬರುತ್ತಿರಲಿಲ್ಲ. ಚೆಂಡು ಬಲಕ್ಕೆ ಹೋದರೆ ಇವರ ಕಾಲು ಎಡಕ್ಕೆ ಹೋಗುತ್ತಿತ್ತು. ಆದರೂ ಅಂದಿನ ಕೋಚು ಇವರನ್ನು ತೆಗೆದುಹಾಕಲಿಲ್ಲ. "ನೀನು ನೀರು ಕೊಡು, ಹುಡುಗರ ಹತ್ರ ನಾಲ್ಕು ಒಳ್ಳೆ ಮಾತಾಡು, ನಿನ್ನ ಮಾತಿಗೆ ಅವರ ಸುಸ್ತು ಇಳಿಯುತ್ತೆ" ಅಂದಿದ್ದರಂತೆ. ವರ್ಷಗಟ್ಟಲೆ ಒಂದು ಪಂದ್ಯವನ್ನೂ ಆಡದೆ, ಬರೀ ಬಾಯಿಂದಲೇ ಟೀಮಿನವರಾಗಿ ಉಳಿದರು. ಬಾಯಿಯೊಂದು ಇಲ್ಲದಿದ್ದರೆ ತನಗೆ ಮೈದಾನದಲ್ಲಿ ಜಾಗವೇ ಇಲ್ಲ ಅನ್ನುವುದು ಅಂದಿನಿಂದ ಇವರ ತಲೆಯಲ್ಲಿ ಕೂತಿದೆ.

ಈಗ ಈ ವರ್ಷ ನಮ್ಮ ಟೀಮು ಸೋತ ಒಂದು ಪಂದ್ಯದ ವಿಷಯಕ್ಕೆ ಬರುತ್ತೇನೆ.

ಅರ್ಧ ಆಟ ಮುಗಿದಾಗ ನಮ್ಮ ಹುಡುಗರು ಎರಡು ಗೋಲು ಮುಂದಿದ್ದರು. ಎದುರಾಳಿಗಳು ನೆಲ ನೋಡುತ್ತಿದ್ದರು. ಬುದ್ಧಿ ಇದ್ದವರು ಆಗ ಏನು ಮಾಡುತ್ತಾರೆ? ನೀರು ಕುಡಿಸಿ, ಬೆನ್ನು ತಟ್ಟಿ, ಹೋಗ್ರಪ್ಪಾ ಅನ್ನುತ್ತಾರೆ. ಇವರು ಕೋಣೆಯ ಬಾಗಿಲು ಹಾಕಿ ಅಮ್ಮಂದಿರ ವಿಷಯ ತೆಗೆದರು. ನಿಮ್ಮ ಅಂಗಿಯ ಮಣ್ಣನ್ನು ಉಜ್ಜಿ ಉಜ್ಜಿ ಅವರ ಕೈ ಹೇಗಾಗಿದೆ ನೋಡಿದ್ದೀರಾ, ನೀವು ತಿಂದು ಮಲಗಿದ ಮೇಲೆ ಅವರಿಗೆ ತಟ್ಟೆಯಲ್ಲಿ ಏನು ಉಳಿಯುತ್ತೆ ಕೇಳಿದ್ದೀರಾ ಅಂತ ಶುರುವಾಗಿದ್ದು, ರೆಫರಿ ಬಂದು ಬಾಗಿಲು ಬಡಿಯುವವರೆಗೂ ನಿಲ್ಲಲಿಲ್ಲ. ಹುಡುಗರು ಹೊರಗೆ ಬಂದಾಗ ಹನ್ನೊಂದು ಜನವೂ ಬಿಕ್ಕುತ್ತಿದ್ದರು. ರೆಫರಿ ಗಾಬರಿಯಾಗಿ, "ಯಾರಾದ್ರೂ ತೀರ್ಕೊಂಡ್ರಾ?" ಅಂತ ಕೇಳಿದನಂತೆ. ಗೋಲ್‌ಕೀಪರ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುವಾಗ ಮೊದಲನೆಯದು ಒಳಗೆ ಹೋಯಿತು. ಮೂಗು ಸೀಟುವಾಗ ಎರಡನೆಯದು. ಕೊನೆಗೆ ಐದು ತಿಂದು ಸೋತರು. ಇನ್ನೊಂದು ಪಂದ್ಯ ಸೋತರೆ ಈ ವರ್ಷದ ಆಟ ಮುಗಿದಂತೆ.

ಮನೆಗೆ ಬಂದ ಇವರು, "ಮಾತು ಕಡಿಮೆ ಆಯ್ತು ಅನ್ಸುತ್ತೆ" ಅಂದರು. ನಾನು ಹಣೆ ಹಣೆ ಚಚ್ಚಿಕೊಂಡೆ.

ಎರಡು ದಿನ ಬಿಟ್ಟು ಕ್ಯಾಪ್ಟನ್ನೂ ಗೋಲ್‌ಕೀಪರೂ ಕ್ಲಿನಿಕ್ಕಿಗೆ ಬಂದರು. ಕ್ಯಾಪ್ಟನ್ ಗಿಡ್ಡ, ಗಂಭೀರ. ಗೋಲ್‌ಕೀಪರ್ ಏಣಿಯಷ್ಟು ಉದ್ದ, ಬಾಯಿ ಮಾತ್ರ ಸಡಿಲ. ಸಾಮಾನ್ಯ ದಿನಗಳಲ್ಲಿ ನಾನು ಈ ಹುಡುಗರಿಗೆ ಆಂಟಿ. ಕೆಲಸ ಆಗಬೇಕಾದಾಗ ಅಕ್ಕ.

"ಅಕ್ಕಾ," ಅಂತ ಕ್ಯಾಪ್ಟನ್ ಚಪ್ಪಲಿ ನೋಡುತ್ತಾ ಶುರು ಮಾಡಿದ.

"ಹಲ್ಲು ನೋವಾ?"

"ಅಲ್ಲ ಅಕ್ಕ. ಸರ್ ವಿಷಯ. ಮುಂದಿನ ಪಂದ್ಯದಲ್ಲಿ ಸರ್ ಮಾತಾಡಬಾರದು. ಮಾತಾಡಿದ್ರೆ ನಾವು ಆಡಲ್ಲ ಅಂತ ಎಲ್ಲಾ ಸೇರಿ ತೀರ್ಮಾನ ಮಾಡಿದೀವಿ."

"ಅದನ್ನ ಅವರ ಮುಂದೆ ಹೇಳ್ರೋ, ನನ್ನ ಮುಂದೆ ಯಾಕೆ?"

"ಹೇಳೋಕೆ ಹೋದ್ವಿ. ಧೈರ್ಯವಾಗಿ ಮಾತಾಡೋದು ಹೇಗೆ ಅಂತ ಅರ್ಧ ಗಂಟೆ ಹೇಳಿಕೊಟ್ರು. ನಮಗೆ ಹೇಳೋಕೇ ಆಗ್ಲಿಲ್ಲ."

ಗೋಲ್‌ಕೀಪರ್ ಕುರ್ಚಿಯ ಪಕ್ಕದ ಇಕ್ಕಳ ನೋಡಿ, "ಅಕ್ಕ, ಒಂದು ಕೆಲಸ ಮಾಡಿ. ಪಂದ್ಯದ ದಿನ ಬೆಳಿಗ್ಗೆ ಸರ್‌ಗೆ ಒಂದು ಹಲ್ಲು ಕೀಳಿಸಿಬಿಡಿ. ಯಾವುದಾದ್ರೂ ಸರಿ" ಅಂದ. ಕ್ಯಾಪ್ಟನ್ ಅವನ ಪಕ್ಕೆಗೆ ತಿವಿದ. ನಾನು ಇಬ್ಬರನ್ನೂ ಬೈದು ಕಳಿಸಿದೆ. ಒಳಗೆ ಡಾಕ್ಟರಮ್ಮ ನಗು ತಡೆಯಲಾರದೆ, "ಬೇಕಾದ್ರೆ ಹೇಳು, ಸಮಯ ಇಟ್ಕೋತೀನಿ" ಅಂದರು.

ಹೇಳಬೇಕಾದವಳು ನಾನೇ ಆದೆ. ಊಟಕ್ಕೆ ಕೂತಾಗ ಸುತ್ತಿ ಬಳಸದೆ ಹೇಳಿಬಿಟ್ಟೆ. "ರೀ, ಹುಡುಗರು ಸೋತಿದ್ದು ನಿಮ್ಮ ಭಾಷಣದಿಂದ. ಇನ್ಮೇಲೆ ನೀವು ಬಾಯಿ ತೆಗೆದ್ರೆ ಅವರು ಆಡಲ್ವಂತೆ."

ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. "ಹಾಗಂದ್ರಾ?"

"ಹೂಂ."

"ಎಲ್ಲಾರೂ?"

"ಎಲ್ಲಾರೂ."

"ನಿನಗೂ ಹಾಗೇ ಅನ್ಸುತ್ತಾ?"

ಹೌದು ಅಂದೆ. ಸುಳ್ಳು ಹೇಳಿ ಏನು ಮಾಡಲಿ? ಇವರು ತಟ್ಟೆಯಲ್ಲಿದ್ದ ಅನ್ನವನ್ನು ಮತ್ತೆ ಕಲಸಿದರು. ಆಮೇಲೆ, "ಮಾತು ಬಿಟ್ರೆ ನನ್ನ ಹತ್ರ ಇನ್ನೇನಿದೆ? ಸುಮ್ಮನೆ ನಿಂತ್ಕೊಳ್ಳೋಕೆ ನಾನ್ಯಾಕೆ, ಒಂದು ಕಂಬ ನೆಟ್ರೆ ಆಯ್ತಲ್ಲ" ಅಂದರು. ಸಮಾಧಾನ ಮಾಡೋಣವೆಂದರೆ, ಆ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ಇವರದ್ದೇ, ನನಗೆ ಅಭ್ಯಾಸವಿಲ್ಲ. ಇನ್ನೊಂದು ಸೌಟು ಬಡಿಸಿದೆ.

ಅಂದಿನಿಂದ ಇವರು ಅಭ್ಯಾಸಕ್ಕೆಂದು ಮನೆಯಲ್ಲೂ ಬಾಯಿ ಮುಚ್ಚಿದರು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಬಂಗಾರವನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಎಷ್ಟು ಕಷ್ಟ ಅಂತ ನನಗೆ ಆ ವಾರ ತಿಳಿಯಿತು. ಕೇಳಿದ್ದಕ್ಕೆ ತಲೆಯಾಡಿಸುತ್ತಾರೆ. ತಲೆನೋವು ಅಂದರೆ ಮಾತ್ರೆ ತಂದಿಡುತ್ತಾರೆ, ಮಾತ್ರೆ ಕಂಡುಹಿಡಿದವರ ಶ್ರಮದ ಬಗ್ಗೆ ಒಂದು ಮಾತಿಲ್ಲ! ಫ್ರಿಜ್ಜು ಗುರ್ ಅನ್ನುವುದು ಕೂಡ ಕೇಳಿಸುತ್ತಿತ್ತು. ಮೂರನೆಯ ದಿನಕ್ಕೆ ನಾನೇ ಫ್ರಿಜ್ಜಿನ ಹತ್ತಿರ ಮಾತಾಡಲು ಶುರು ಮಾಡಿದ್ದೆ.

ಪಂದ್ಯದ ಹಿಂದಿನ ಸಂಜೆ ಕೊನೆಗೂ ಬಾಯಿ ಬಿಟ್ಟರು. "ನಾಳೆ ನೀನೂ ಬಾ. ನಾನು ಬಾಯಿ ತೆಗೆದ್ರೆ ಕಾಲು ತುಳಿ."

ರಜೆ ಹಾಕಿ ಹೋದೆ. ಕಾಲು ತುಳಿಯುವುದಕ್ಕೆ ಗಂಡನೇ ಕರೆಯುವ ಅವಕಾಶ ಎಷ್ಟು ಹೆಂಡತಿಯರಿಗೆ ಸಿಗುತ್ತದೆ?

ಮೊದಲ ಅರ್ಧದಲ್ಲಿ ನಮ್ಮವರು ಅತ್ತ ಓಡಿ ಇತ್ತ ಬಿದ್ದು ಒಂದು ಗೋಲು ತಿಂದರು. ಗೆರೆಯ ಪಕ್ಕ ನಿಂತಿದ್ದ ಇವರ ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು. ರೆಫರಿ ವಿರಾಮದ ಸೀಟಿ ಊದಿದಾಗ ಇವರು ನನ್ನ ಕೈಚೀಲಕ್ಕೆ ಕೈ ಹಾಕಿದರು. ಕ್ಲಿನಿಕ್ಕಿನ ಹತ್ತಿಯ ಸುರುಳಿಗಳು ಯಾವಾಗಲೂ ಒಂದಿಷ್ಟು ಅದರಲ್ಲಿರುತ್ತವೆ. ಎರಡೆರಡು ತೆಗೆದು ಎರಡೂ ಕೆನ್ನೆಯೊಳಗೆ ತುರುಕಿಕೊಂಡರು. ಕಾಲು ತುಳಿಯುವ ಉಪಾಯದ ಮೇಲೆ ನಂಬಿಕೆಯಿರಲಿಲ್ಲ ಅಂತ ಕಾಣುತ್ತದೆ, ಅಥವಾ ನನ್ನ ಮೇಲೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಕಾಲುಚೀಲ ಮತ್ತು ನೋವಿನೆಣ್ಣೆಯ ವಾಸನೆ. ಹುಡುಗರು ಗೋಡೆಗೆ ಒರಗಿ, ಈಗ ಶುರುವಾಗುತ್ತೆ ಅಂತ ಕಾದರು. ಇವರು ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿಕೊಂಡು ಬಾಗಿಲಲ್ಲಿ ನಿಂತರು.

"ಸರ್, ಕೆನ್ನೆಗೇನಾಯ್ತು?" ಅಂದ ಕ್ಯಾಪ್ಟನ್.

ಇವರು ತಲೆ ಅಲ್ಲಾಡಿಸಿದರು. ಗೋಲ್‌ಕೀಪರ್ ಆ ಕೆನ್ನೆ ನೋಡಿದ, ಹಿಂದೆ ನಿಂತ ನನ್ನನ್ನು ನೋಡಿದ. ಬೆಳಿಗ್ಗೆಯಿಂದ ಸರ್ ಒಂದು ಮಾತೂ ಆಡದಿದ್ದದ್ದು ಯಾಕೆಂದು ಈಗ ಹೊಳೆದವನ ಹಾಗೆ ಮುಖ ಬಿಳಿಚಿಕೊಂಡಿತು. "ಅಕ್ಕಾ... ನಿಜವಾಗ್ಲೂ ಕೀಳಿಸಿಬಿಟ್ರಾ?"

ಇಲ್ಲ ಕಣೋ ಅನ್ನಬೇಕೆಂದು ಬಾಯಿ ತೆಗೆದೆ. ಯಾವ ಭೂತ ಹೊಕ್ಕಿತೋ, "ಎರಡೂ ಕಡೆ" ಅಂದೆ.

ಅಯ್ಯೋ, ಆ ಮುಖಗಳನ್ನು ನೋಡಬೇಕಿತ್ತು! "ತಮಾಷೆಗೆ ಹೇಳಿದ್ದು ಅಕ್ಕ!" ಅಂತ ಗೋಲ್‌ಕೀಪರ್ ಕಿರುಚಿದ. "ಎಲ್ಲಾ ನಿನ್ನ ನಾಲಗೆ ಕಣೋ!" ಅಂತ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ. ಎಡಗಡೆ ರಕ್ಷಣೆಗೆ ನಿಲ್ಲುವ ಗುಂಡ ಎದ್ದು, "ಅವನನ್ನ ಯಾಕೆ ಬೈತೀಯ, ಎಲ್ಲಾ ಸೇರಿ ತಾನೇ ಕಳಿಸಿದ್ದು" ಅಂದ. "ನೀನು ಸುಮ್ನಿರು, ನಿನ್ನ ಕಡೆಯಿಂದಾನೇ ಗೋಲು ಬಂದಿದ್ದು, ಜಾಗ ಬಿಟ್ಟು ಮುಂದೆ ಓಡ್ತೀಯ" ಅಂತ ಗೋಲ್‌ಕೀಪರ್ ತಿರುಗಿಬಿದ್ದ.

"ಹಿಂದೆ ಯಾರೋ ಬರ್ತಿದಾನೆ ಅಂತ ನೀನು ಕೂಗಿ ಹೇಳಬೇಕಪ್ಪ! ಹೇಳ್ತೀಯಾ?"

"ಕೂಗೋ ಅಭ್ಯಾಸ ಎಲ್ಲಿದೆ? ದಿನಾ ಸರ್ ಮಾತಾಡ್ತಾನೇ ಇರ್ತಾರಲ್ಲ, ನನ್ನ ಧ್ವನಿ ಯಾರಿಗೆ ಕೇಳುತ್ತೆ?"

ಎಲ್ಲರೂ ಇವರತ್ತ ನೋಡಿದರು. ಇವರ ದವಡೆ ಒಮ್ಮೆ ಅಲುಗಿತು. ನಾನು ಕಾಲು ಎತ್ತಿಯೇ ನಿಂತಿದ್ದೆ. ಆದರೆ ಇವರು ಹತ್ತಿಯನ್ನು ಕಚ್ಚಿಕೊಂಡು, ಬಗ್ಗಿ, ನೀರಿನ ಬಾಟಲಿ ಎತ್ತಿ ಗೋಲ್‌ಕೀಪರನ ಕೈಗೆ ಕೊಟ್ಟರು. ಆಮೇಲೆ ಗುಂಡನಿಗೆ. ಹೀಗೆ ಒಬ್ಬೊಬ್ಬರಿಗೂ. ಹುಡುಗರು ಮತ್ತೆ ಕಿತ್ತಾಡಲು ಶುರು ಮಾಡಿದರು. ಕಿತ್ತಾಡುತ್ತಲೇ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರಿಗೆ ಕೂಗಬೇಕು ಅಂತ ತಾವೇ ತೀರ್ಮಾನಿಸಿಕೊಂಡರು. ಅಷ್ಟು ವರ್ಷ ಆದ ಮೇಲೂ ಇವರು ಮತ್ತೆ ನೀರು ಕೊಡುವ ಹುಡುಗನೇ ಆಗಿಬಿಟ್ಟರಲ್ಲ ಅಂತ ನನಗೆ ಅಳು ಬಂತು. ಹುಡುಗರ ಮೇಲೆ ಸಿಟ್ಟೂ ಬಂತು. ಅವರು ಹೇಳಿದ್ದರಲ್ಲಿ ತಪ್ಪೇ ಇಲ್ಲವಲ್ಲ ಅಂತ ಇನ್ನಷ್ಟು ಸಿಟ್ಟು ಬಂತು.

ಎರಡನೇ ಅರ್ಧದಲ್ಲಿ ಮೈದಾನ ಸಂತೆಯಾಯಿತು. ಗೋಲ್‌ಕೀಪರ್ ಗಂಟಲು ಹರಿಯುವ ಹಾಗೆ ಕೂಗಿದ, "ಎಡಗಡೆ! ಎಡಗಡೆ ಕಣೋ, ನಿನ್ನ ಎಡಗಡೆ!" ಗುಂಡ ಒಮ್ಮೆಯೂ ಜಾಗ ಬಿಡಲಿಲ್ಲ. ಕ್ಯಾಪ್ಟನ್ ಒಂದು ಗೋಲು ಹೊಡೆದು ಸಮ ಮಾಡಿದ. ಇನ್ನೇನು ಮುಗಿಯಿತು ಅನ್ನುವಾಗ ಯಾರೋ ಒದ್ದ ಚೆಂಡು, ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ್ದ ನಮ್ಮದೇ ಹುಡುಗನ ಕುಂಡೆಗೆ ಬಡಿದು ಎದುರಾಳಿಗಳ ಗೋಲಿನೊಳಗೆ ಹೋಯಿತು. ಅಂಥ ಗೋಲು ಲೆಕ್ಕಕ್ಕಿದೆಯೇ ಅಂತ ನನಗೆ ಅನುಮಾನವಿತ್ತು. ಇದೆಯಂತೆ.

ರೆಫರಿ ಕೊನೆಯ ಸೀಟಿ ಊದಿದ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಆ ಭಾಗ್ಯವಂತ ಕುಂಡೆಗೆ ಎಲ್ಲರೂ ಒಂದೊಂದು ಪೆಟ್ಟು ಕೊಟ್ಟು, ಕೂಗುತ್ತಾ ನಮ್ಮ ಮುಂದೆಯೇ ಓಡಿಹೋದರು. ಇವರ ಕಡೆ ಯಾರೂ ನೋಡಲಿಲ್ಲ. ಇವರು ಚಪ್ಪಾಳೆ ತಟ್ಟುತ್ತಲೇ ಇದ್ದರು. ತಟ್ಟಿ ತಟ್ಟಿ ಕೈ ನಿಧಾನವಾಯಿತು. ಆಮೇಲೆ ಒಂದು ಪಕ್ಕಕ್ಕೆ ತಿರುಗಿ, ಹತ್ತಿಯನ್ನು ಅಂಗೈಗೆ ಉಗುಳಿಕೊಂಡರು.

"ನಡಿ, ಮನೆಗೆ ಹೋಗೋಣ" ಅಂದರು.

ನನಗೆ ರೇಗಿತು. "ನಿಲ್ಲಿ" ಅಂದವಳೇ ಹುಡುಗರ ಹಿಂದೆ ಹೋಗಿ, "ಲೋ! ಹಲ್ಲು ಕಿತ್ತಿಲ್ಲ ಕಣ್ರೋ, ಹತ್ತಿ ಅದು! ನಿಮಗೋಸ್ಕರ ಬಾಯಿಗೆ ಹತ್ತಿ ತುರುಕಿಕೊಂಡು ನಿಂತಿದ್ದ ಮನುಷ್ಯನನ್ನ ಒಮ್ಮೆ ತಿರುಗಿಯಾದ್ರೂ ನೋಡಬಾರದಾ?" ಅಂತ ಕೂಗಿದೆ. ಮೈದಾನದ ಆ ತುದಿಯವರೆಗೂ ಕೇಳಿಸಿರಬೇಕು. ಇಷ್ಟು ವರ್ಷ ಇವರ ಜೊತೆ ಬಾಳಿದ್ದು ವ್ಯರ್ಥವಾಗಿಲ್ಲ.

ಹುಡುಗರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಧಾನವಾಗಿ ವಾಪಸು ಬಂದರು. ಕ್ಯಾಪ್ಟನ್ ಇವರ ಅಂಗೈಯಲ್ಲಿದ್ದ ಹತ್ತಿ ನೋಡಿದ. ಗೋಲ್‌ಕೀಪರ್ ಆ ಉದ್ದ ಕಾಲುಗಳನ್ನು ಮಡಿಸಿ, ಇವರ ಎದುರಿಗೆ ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಗುಂಡ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

"ಸರ್, ಈಗ ಹೇಳಿ" ಅಂದ ಗೋಲ್‌ಕೀಪರ್.

"ಏನು?"

"ವಿರಾಮದಲ್ಲಿ ಹೇಳಬೇಕು ಅಂತಿದ್ರಲ್ಲ, ಅದು."

ಇವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ನನ್ನ ಮುಖ ಏನ್ ನೋಡ್ತೀರಿ, ಶುರು ಮಾಡಿ" ಅಂದೆ.

ಶುರು ಮಾಡಿದರು. ಒಂದು ವಾರದ ಬಾಕಿ. ಎದುರಾಳಿಗಳ ಬಸ್ಸು ಹೊರಟುಹೋಯಿತು. ಬಿಸಿಲು ಇಳಿಯಿತು. ಗೇಟು ಹಾಕಲು ಬಂದ ಕಾವಲುಗಾರ ಬೀಗ ಹಿಡಿದುಕೊಂಡು ನಿಂತ, ಆಮೇಲೆ ಅವನೂ ಕೂತ. ಗೆಲುವು, ಸೋಲು, ಛಲ, ಅಮ್ಮಂದಿರು, ಅಮ್ಮಂದಿರ ಅಮ್ಮಂದಿರು, ಒಬ್ಬರನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಒಬ್ಬರ ಭುಜಕ್ಕೊಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ಆದರೆ ಎದ್ದು ಹೋದವರು ಯಾರೂ ಇಲ್ಲ.

ಆಮೇಲೆ ನಾನು ಮದುವೆಯಾದಂದಿನಿಂದ ಕಾಣದ್ದೊಂದು ನಡೆಯಿತು. ಇವರು ತಾವಾಗಿಯೇ ಮಾತು ನಿಲ್ಲಿಸಿ, ಹುಡುಗರನ್ನು ನೋಡಿ, "ಸಾಕಾ?" ಅಂತ ಕೇಳಿದರು.

ಹಸಿವು, ಸುಸ್ತು, ಮೈತುಂಬ ಮಣ್ಣು. ಗೋಲ್‌ಕೀಪರ್ ಜೋಮು ಹಿಡಿದ ಕಾಲನ್ನು ಉಜ್ಜಿಕೊಳ್ಳುತ್ತಾ, "ಇನ್ನೂ ಇದ್ರೆ ಹೇಳಿ ಸರ್" ಅಂದ.

ಇತ್ತು, ಇರದೆ ಏನು! ನಾನು ಚಪ್ಪಲಿ ಕಳಚಿ, ಕಾಲು ನೀಡಿ ಕೂತೆ.