ಮೂರು ತಲೆಮಾರಿನ ಇಸಾಕಸಾಬ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುತ್ತಿದ್ದ ಇಸಾಕಸಾಬ ಹಾಡು ಕಟ್ಟುವವನೂ ತಾನೇ, ಹಾಡುವವನೂ ತಾನೇ. ಇದು ನಮ್ಮ ಕಡೆ ಅಷ್ಟೇನೂ ಮರ್ಯಾದೆಯ ಸಂಗತಿಯಲ್ಲ. ದೊಡ್ಡ ಗಾಯಕರಿಗೆ ಬರೆದುಕೊಡಲು ಕವಿಗಳಿರುತ್ತಾರೆ, ದೊಡ್ಡ ಕವಿಗಳಿಗೆ ಹಾಡಿಕೊಡಲು ಗಾಯಕರಿರುತ್ತಾರೆ. ಎರಡನ್ನೂ ಒಬ್ಬನೇ ಮಾಡಿಕೊಳ್ಳುತ್ತಾನೆಂದರೆ ಪಾಪ, ಯಾರೂ ಸಿಕ್ಕಿಲ್ಲವೆಂದೇ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ನನ್ನ ಕವಿತೆಗಳಿಗೆ ಗಾಯಕರಿರಲಿ, ಓದುಗರೂ ಸಿಗದೆ ಅವನ್ನು ಎಂಟನೆಯ ಇಯತ್ತೆಯ ಉಕ್ತಲೇಖನಕ್ಕೆ ಬಳಸುತ್ತಿದ್ದೆ.

ಇಸಾಕಸಾಬನ ಊರು ಮೋಟೆಬೆನ್ನೂರು. ಬೆಳಿಗ್ಗೆ ಸೈಕಲ್ಲು ತುಳಿಯುತ್ತ ಬರುವಾಗ ಪಲ್ಲವಿ ಹುಟ್ಟುತ್ತಿತ್ತು, ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚುವುದರೊಳಗೆ ನಾಲ್ಕು ನುಡಿ ಆಗಿರುತ್ತಿದ್ದವು. ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ತಿದ್ದುವ ತಾಪತ್ರಯವೂ ಇರಲಿಲ್ಲ. ಪಕ್ಕದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುವ ಹೆಂಗಸರೇ ಶ್ರೋತೃಗಳು. ಮೆಣಸಿನಕಾಯಿಯ ಘಾಟಿನಲ್ಲಿ ಯಾರೂ ಹತ್ತು ನಿಮಿಷ ಸೀನದೆ ಇರಲಾರರು. ಅದಕ್ಕಾಗಿ ಅವನು ಪ್ರತಿ ನುಡಿಯ ಮೂರನೆಯ ಸಾಲಾದ ಮೇಲೆ ಒಂದಿಷ್ಟು ಖಾಲಿ ಬಿಡುತ್ತಿದ್ದ. ಎಲ್ಲರೂ ಸೀನಿ, ಸೆರಗಿನಲ್ಲಿ ಮೂಗು ಒರೆಸಿಕೊಂಡ ಮೇಲೆ ನಾಲ್ಕನೆಯ ಸಾಲು.

ಹಾಡಿನ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು ಬರಬೇಕೆಂಬುದು ಪದ ಕಟ್ಟುವವರ ಹಳೆಯ ರೀತಿ. ಇಸಾಕಸಾಬ ಅದೊಂದನ್ನು ಎಂದೂ ಬಿಟ್ಟವನಲ್ಲ. ಚೀಲದ ಮೇಲೆ ದಲಾಲಿ ಅಂಗಡಿಯ ಹೆಸರು ಇರುತ್ತಿತ್ತು, ಚೀಟಿಯಲ್ಲಿ ಬೆಳೆದ ರೈತನ ಹೆಸರು ಇರುತ್ತಿತ್ತು, ಹೊಲಿದವನ ಹೆಸರಿಗೆ ಮಾತ್ರ ಇಡೀ ಪೇಟೆಯಲ್ಲಿ ಜಾಗವಿರಲಿಲ್ಲ. ಅವನಿಗೆ ಇದ್ದದ್ದು ಆ ಕೊನೆಯ ನುಡಿ.

ಅದನ್ನು ಕಳೆದವನು ನಾನು.

೧೯೯೨ರಲ್ಲಿ ಹಾವೇರಿಯಲ್ಲಿ ಜನಪದ ರಕ್ಷಣಾ ಸಮಿತಿಯೆಂಬುದೊಂದು ಹಾಡಿನ ಸ್ಪರ್ಧೆ ಏರ್ಪಡಿಸಿತು. ಜನಪದರಿಂದ ಜನಪದವನ್ನು ರಕ್ಷಿಸುವುದು ಅದರ ಉದ್ದೇಶವೆಂದು ಆಮೇಲೆ ತಿಳಿಯಿತು. ಇಸಾಕಸಾಬನ ಅರ್ಜಿ ತುಂಬಲು ಕುಳಿತೆ. ಹಾಡು ಎಷ್ಟು ತಲೆಮಾರಿನದು ಎಂದು ಒಂದು ಕಲಂ ಇತ್ತು. ಕೇಳಿದೆ.

"ಹ್ವಾದ ಶುಕ್ರವಾರದ್ದರಿ ಸರ" ಎಂದ.

ಕಟ್ಟಿದವರು ಯಾರೆಂದು ಗೊತ್ತಿರುವ ಹಾಡಿಗೆ ಪ್ರವೇಶವಿಲ್ಲವೆಂದು ಕೆಳಗೇ ಅಚ್ಚಾಗಿತ್ತು. ನಾನು ಪೆನ್ನಿನ ಟೊಪ್ಪಿಗೆ ಕಚ್ಚಿ ಯೋಚಿಸಿ "ಮೂರು ತಲೆಮಾರು" ಎಂದು ಬರೆದೆ. ನಾಲ್ಕು ಎಂದು ಬರೆದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಸುಳ್ಳಿನಲ್ಲೂ ನಾನು ಮಿತವ್ಯಯಿ. ಹಾವೇರಿಯಲ್ಲಿ ಕೊನೆಯ ನುಡಿ ಹಾಡಬೇಡವೆಂದು ಅವನಿಗೆ ತಿಳಿಸಿ ಹೇಳಿದೆ.

"ಹೆಸರ ಬಿಟ್ರ ಯಾರ ಹಾಡಂತ ಗೊತ್ತಾಗೂದು ಹೆಂಗ್ರಿ?"

"ಒಂದ ದಿವಸ ಬಿಡಪಾ. ಮುಂದ ನೀನ ನಿಂತಿರ್ತೀಯಲ್ಲ, ಗೊತ್ತಾಗ್ತದ."

ಮಾಸ್ತರ ಹೇಳಿದ್ದೆಂದು ನಂಬಿ ಬಿಟ್ಟ. ಒಗೆದ ಅಂಗಿ ತೊಟ್ಟು ವೇದಿಕೆಯ ಮೇಲೆ ನಿಂತು ಹಾಡಿದ:

ಕೆಂಪು ಕಾಯಿಯ ಚೀಲ ಬಾಯಿ ಹೊಲದೇನಿ
ನನ್ನ ಬಾಯಿ ಹೊಲಿಯಾಕ ದಬ್ಬಣ ಇಲ್ಲ

ಮೂರನೆಯ ಸಾಲಾದ ಮೇಲೆ ರೂಢಿಯಂತೆ ಖಾಲಿ ಬಿಟ್ಟ. ಹಾವೇರಿಯಲ್ಲಿ ಸೀನುವವರು ಯಾರು? ಸಭೆ ಗಪ್ಪಾಯಿತು. ತೀರ್ಪುಗಾರರಲ್ಲಿ ಹಿರಿಯರಾದ ಒಬ್ಬ ಪ್ರೊಫೆಸರರು ಕಣ್ಣು ಮುಚ್ಚಿ ತಲೆದೂಗಿದರು. ಆ ಮೌನ ಅಪಾರ ಆಳದ್ದೆಂದು ಅವರು ಭಾಷಣದಲ್ಲಿ ಹೇಳಿದರು. ಮೊದಲ ಬಹುಮಾನ, ಶಾಲು.

ಆರು ತಿಂಗಳಿಗೆ ಸಮಿತಿಯ ಪುಸ್ತಕ ಬಂತು. ಹಾಡು ಅಚ್ಚಾಗಿತ್ತು. ಕರ್ತೃ: ಅಜ್ಞಾತ. ಕಾಲ: ಸುಮಾರು ನೂರು ವರ್ಷಗಳ ಹಿಂದೆ. ಹಾಡಿದವರು: ಸ್ಥಳೀಯರು. ಸಂಗ್ರಹ: ಅಲ್ಲಿ ದಪ್ಪಕ್ಷರದಲ್ಲಿ ನನ್ನ ಹೆಸರು. ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಹೆಂಡತಿಗೆ ಮೂರು ಸಲ ತೋರಿಸಿದೆ. ಇಸಾಕಸಾಬನಿಗೆ ತೋರಿಸಲಿಲ್ಲ.

ಆದರೆ ಪ್ರೊಫೆಸರರೇ ಟೇಪ್ ರಿಕಾರ್ಡರ್ ಹಿಡಿದು ಬ್ಯಾಡಗಿಗೆ ಬಂದರು. ಪೇಟೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ ಆಯಿತು. ಇಸಾಕಸಾಬ ದಬ್ಬಣ ಪಕ್ಕಕ್ಕಿಟ್ಟು ಹಾಡಿದ. ಈ ಸಲ ಬಿಡೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಕೊನೆಯಲ್ಲಿ, ಮೋಟೆಬೆನ್ನೂರ ಇಸಾಕ ಹೇಳ್ಯಾನ ಎಂದು ತನ್ನ ಹೆಸರನ್ನೂ ಸೇರಿಸಿ ಹಾಡಿದ. ಪ್ರೊಫೆಸರರು ಟೇಪು ನಿಲ್ಲಿಸಿದರು.

"ಈ ನುಡಿ ಮೂಲದಲ್ಲಿಲ್ಲ. ಆಮೇಲೆ ಸೇರಿಸಿದ್ದು."

"ಎಲ್ಲಾ ನಾನ ಕಟ್ಟಿದ್ದರಿ."

ಹಾಡುವವರೆಲ್ಲ ಹಾಗೇ ಹೇಳುತ್ತಾರೆಂದು ಪ್ರೊಫೆಸರರು ಮರುಕದಿಂದಲೇ ನಕ್ಕರು. ಹಳೆಯ ಹಾಡಿಗೆ ಹೆಸರು ಅಂಟಿಸುವುದು ತಪ್ಪೆಂದು ಬುದ್ಧಿ ಹೇಳಿದರು. ಪುಸ್ತಕ ತೆರೆದು, ಇದು ಮೂರು ತಲೆಮಾರಿನ, ನೂರು ವರ್ಷದ ಹಿಂದಿನ ಹಾಡೆಂದು ತೋರಿಸಿ, ಬೇಕಾದರೆ ಸಂಗ್ರಹಿಸಿದ ಇವರನ್ನೇ ಕೇಳಿ ಎಂದು ನನ್ನತ್ತ ತಿರುಗಿದರು. ಇಸಾಕಸಾಬನೂ ನನ್ನನ್ನೇ ನೋಡಿದ.

ಒಂದೇ ಮಾತು ಸಾಕಿತ್ತು. ನಾನು ಗಂಟಲು ಸರಿಮಾಡಿಕೊಂಡು, ಜನಪದದಲ್ಲಿ ಪಾಠಾಂತರಗಳು ಸಹಜ ಎಂದೆ.

ತೊಟ್ಟು ಬಿಡಿಸುತ್ತಿದ್ದ ಮಂಗಳವ್ವ ಕೈ ನಿಲ್ಲಿಸಿದಳು. "ನಮ್ಮ ಮುಂದನ ಕಟ್ಟ್ಯಾನ್ರಿ ಯಪ್ಪಾ. ಎರಡನೇ ನುಡಿ ಕೂಡಲಿಲ್ಲಂತ ಅವತ್ತ ರೊಟ್ಟಿ ಸೈತ ತಿಂದಿಲ್ಲ. ನೂರು ವರ್ಷದ ಹಿಂದ ನಾವೇನ ಇಲ್ಲೇ ಕುಂತಿದ್ವೇನ?"

ಪ್ರೊಫೆಸರರು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು. ನಾನು ಇಣುಕಿ ನೋಡಿದೆ. "ಸ್ಥಳೀಯ ನಂಬಿಕೆ" ಎಂದಿತ್ತು.

ಇಸಾಕಸಾಬ ಪಕ್ಕಕ್ಕಿಟ್ಟಿದ್ದ ದಬ್ಬಣವನ್ನು ಮತ್ತೆ ಕೈಗೆತ್ತಿಕೊಂಡ. ನಾಲ್ಕು ದಿನ ಹಾಡದೆ ಚೀಲ ಹೊಲಿದನಂತೆ. ಐದನೆಯ ದಿನ ಹೊಸ ಹಾಡು ಬಂತು. ಹೆಸರನ್ನು ಕೊನೆಗಿಟ್ಟರೆ ಕತ್ತರಿಸುತ್ತಾರೆಂದು ಈ ಸಲ ಪಲ್ಲವಿಯಲ್ಲೇ ಹೆಣೆದಿದ್ದ. ಪ್ರತಿ ನುಡಿಗೂ ಅದು ತಿರುಗಿ ಬರಲೇಬೇಕು:

ಸತ್ತು ಮೂರು ತಲೆಮಾರ ಆತು ಇಸಾಕಸಾಬ
ಸುಳ್ಳ ಮಾಸ್ತರನ ಮುಂದ ಕುಂತು ಚೀಲ ಹೊಲಿತಾನ

ಹೆಂಗಸರ ಬಾಯಿಂದ ಬಾಯಿಗೆ ಅದು ವಾರದೊಳಗೆ ಪೇಟೆ ದಾಟಿತು. ಶಾಲೆಯಲ್ಲಿ ನಾನು ಬೋರ್ಡಿನ ಕಡೆ ತಿರುಗಿದರೆ ಹಿಂದಿನಿಂದ ಯಾರೋ ಗುನುಗುತ್ತಿದ್ದರು. ಹೊಡೆಯುವ ನೈತಿಕ ಬಲ ಉಳಿದಿರಲಿಲ್ಲ. ವರ್ಗ ಕೇಳಿಕೊಂಡು ರಾಣೆಬೆನ್ನೂರಿಗೆ ಹೋದೆ.

ಎರಡು ವರ್ಷದ ಮೇಲೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಕುಪ್ಪೇಲೂರಿನ ಹೆಣ್ಣುಮಗಳೊಬ್ಬಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದೇ ಹಾಡು ಹಾಡುತ್ತಿದ್ದಳು. ತಡೆಯಲಾರದೆ, ಯಾರ ಹಾಡವ್ವ ಇದು ಎಂದು ಕೇಳಿಬಿಟ್ಟೆ.

ಆಕೆಗೆ ನನ್ನ ಅಜ್ಞಾನ ಕಂಡು ಆಶ್ಚರ್ಯವಾಯಿತು. "ಇಸಾಕಸಾಬಂದ್ರಿ. ಹಾಡಿನಾಗ ಐತೆಲ್ಲ. ಆ ಸುಳ್ಳ ಮಾಸ್ತರ ಯಾವ ಊರಾಂವ ಅಂತ ಅಷ್ಟ ಗೊತ್ತಿಲ್ಲ. ನಿಮಗ ಗೊತ್ತೈತೇನ್ರಿ?"

ಗೊತ್ತಿಲ್ಲ ಎಂದು ಹೇಳಿ, ಯಾವುದೋ ಊರಿನ ಬಸ್ಸು ಹತ್ತಿದೆ.