ಪ್ರಮೀಳಾ ಮೇಡಂ ಬರೆದ ಸೊನ್ನೆ

ನಮ್ಮ ಚನ್ನಗಿರಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಡಿಕೆ ಚೊಗರಿನ ಕೆಂಪು ಕಲೆ ಬಿದ್ದಿರುವ ಮೇಜು ಒಂದೇ, ಗಣಿತದ ಪ್ರಮೀಳಾ ಮೇಡಂ ಅವರದು. ಏನಿದು ಎಂದು ಕೇಳಿದ್ದಕ್ಕೆ, “ಅದು ಸಂಶೋಧನೆ ಕಣ್ರೀ, ಒರೆಸಬ್ಯಾಡ್ರಿ” ಅಂದಿದ್ದರು. ನಾನು ಅಲ್ಲಿ ಇತಿಹಾಸ ಹೇಳುವವನು. ಒರೆಸುವ ಅಭ್ಯಾಸ ನಮ್ಮವರಿಗೆ ಮೊದಲೇ ಇಲ್ಲ.

ಮೇಡಂ ಹುಟ್ಟಿದ್ದು ಗೋವಿನಕೋವಿಯಲ್ಲಿ. ಬಿ.ಎಸ್ಸಿ. ಮುಗಿಯುವಷ್ಟರಲ್ಲಿ ತ್ಯಾವಣಿಗೆಗೆ ಮದುವೆ ಮಾಡಿಕೊಟ್ಟರು. ಸೊಸೆ ಇನ್ನೂ ಓದುತ್ತೇನೆ ಅಂದಾಗ ಮನೆಯಲ್ಲಿ ಗುಸುಗುಸು ಎದ್ದಿತಂತೆ. ಗಂಡನ ಅಣ್ಣ ಹಾಲೇಶಪ್ಪ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರು: “ಓದಾಕೆ ಹೋಗೋದು ಆಕೆ, ತಲೆನೋವು ನಿಮಗ್ಯಾಕೆ?” ಹಾಲೇಶಪ್ಪ ಅಡಿಕೆ ಬೇಯಿಸುವುದರಲ್ಲಿ ಪಳಗಿದ ಕೈ. ಎಂ.ಎಸ್ಸಿ. ಫಲಿತಾಂಶ ಬಂದ ದಿನ ಕೇರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದವರೂ ಅವರೇ.

ಡಾಕ್ಟರೇಟಿನ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ವಿಷಯ ಹುಡುಕಿಕೊಂಡು ಮೇಡಂ ದೂರ ಹೋಗಲಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ರಸವೇ ಚೊಗರು. ಒಂದಿಷ್ಟನ್ನು ಬಣ್ಣಕ್ಕೆಂದು ಎತ್ತಿಟ್ಟು ಉಳಿದದ್ದನ್ನು ಚರಂಡಿಗೆ ಬಿಡುತ್ತಾರೆ. ತೆಳ್ಳನೆಯ ಪೊರೆಯ ಮೂಲಕ ಹಾಯಿಸಿ ಅದರ ಒಗರನ್ನೂ ನೀರನ್ನೂ ಬೇರೆ ಮಾಡಬಹುದೇ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮೇಡಂ ಪ್ರಶ್ನೆ. ದಟ್ಟವಾಗಿರುವ ಕಡೆಯಿಂದ ತೆಳುವಾಗಿರುವ ಕಡೆಗೆ ಒಗರು ಪೊರೆಯಲ್ಲಿ ನುಸುಳುತ್ತದೆ. ಯಾವ ಗಳಿಗೆಗೆ ಎಷ್ಟು ನುಸುಳಿತು ಎಂದು ಹೇಳುವುದಕ್ಕೆ ವಿಸರಣ ಸಮೀಕರಣ ಅಂತ ಒಂದಿದೆ. ಅದನ್ನು ಬಿಡಿಸಬೇಕಾದರೆ ಶುರುವಿನಲ್ಲಿ ಆಚೆ ಬದಿ ಎಷ್ಟು ಒಗರಿತ್ತು ಎಂದು ಮೊದಲು ಹೇಳಬೇಕು. ಆಚೆ ಬದಿ ಇದ್ದದ್ದು ಬರೀ ನೀರು. ಮೇಡಂ ಸೊನ್ನೆ ಎಂದು ಬರೆದರು.

ನಡುವೆ ಪೊರೆ ಕಟ್ಟಿದ ಎರಡು ಗೂಡಿನ ಸ್ಟೀಲ್ ಪೆಟ್ಟಿಗೆ ತ್ಯಾವಣಿಗೆಯಲ್ಲಿ ಭಾವನ ಅಡಿಕೆ ಬೇಯಿಸುವ ಶೆಡ್ಡಿನಲ್ಲಿ ಕೂತಿತು. ಕಾಲೇಜಿಗಾಗಿ ಚನ್ನಗಿರಿಯಲ್ಲೇ ಮನೆ ಮಾಡಿದ್ದ ಮೇಡಂ ಸಂಜೆ ಒಂದು ಗೂಡಿಗೆ ನೀರು ತುಂಬಿ ವಾಪಸ್ಸು ಬಸ್ಸು ಹತ್ತುತ್ತಿದ್ದರು. ನಸುಕಿನಲ್ಲಿ ಹಂಡೆ ಇಳಿಸಿದ ಮೇಲೆ ಹಾಲೇಶಪ್ಪ ಇನ್ನೊಂದು ಗೂಡಿಗೆ ಚೊಗರು ಸುರಿದು ಹೊತ್ತು ನೋಡಿಕೊಳ್ಳುತ್ತಿದ್ದರು. ಮೊದಲ ಬಸ್ಸಿಗೆ ಬಂದ ಮೇಡಂ ನೀರಿನ ಬದಿಯಿಂದ ಸ್ವಲ್ಪ ಸ್ವಲ್ಪ ತೆಗೆದು, ಬಣ್ಣ ಅಳೆದು ಒಗರಿನ ಲೆಕ್ಕ ಹಾಕುತ್ತಿದ್ದರು.

ಅಳತೆ ಸಮೀಕರಣದ ಮಾತು ಕೇಳಲಿಲ್ಲ. ನುಸುಳಬೇಕಾದ್ದಕ್ಕಿಂತ ಹೆಚ್ಚು ಒಗರು ಆಚೆ ಸೇರುತ್ತಿತ್ತು. ಮೂರು ಸುಗ್ಗಿ ಇದೇ ಕಥೆ. ತಲೆ ಕೆಡಿಸಿಕೊಂಡ ಮೇಡಂ ಕೊನೆಗೊಂದು ಕಾರಣ ಕಟ್ಟಿದರು: ಚೊಗರು ತಾಗಿದರೆ ಪೊರೆಯ ರಂಧ್ರಗಳು ದೊಡ್ಡದಾಗುತ್ತವೆ. ಹೊಸ ಶೋಧ! ಗೈಡ್ ಕುಣಿದಾಡಿಬಿಟ್ಟರು. ಲೇಖನ ಅಚ್ಚಾಯಿತು, ಹೈದರಾಬಾದಿನ ಸಮ್ಮೇಳನದಲ್ಲಿ ಬಹುಮಾನ ಬಂತು. ಮೇಡಂ ಹಿಗ್ಗಿ ಹೀರೇಕಾಯಿಯಾಗಿದ್ದರು. ಇನ್ನು ಉಳಿದದ್ದು ಒಂದು ಸುಗ್ಗಿ. ಜೂನ್ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದಾಗುತ್ತಿತ್ತು, ಗೈಡ್ ನಿವೃತ್ತಿಯೂ ಆಗಲೇ. ಈ ಸಲ ತಪ್ಪಿದರೆ ಡಾಕ್ಟರೇಟ್ ತಪ್ಪಿದಂತೆಯೇ.

ಆ ಸುಗ್ಗಿಯ ಕೊನೆಯಲ್ಲಿ ಹಾಲೇಶಪ್ಪನವರಿಗೆ ಡೆಂಗಿ ಬಂತು. ಮೇಡಂ ಶೆಡ್ಡಿನಲ್ಲೇ ಉಳಿದು ಚೊಗರನ್ನು ತಾವೇ ಸುರಿದರು. ಅಳತೆ ಬಂದು ಸಮೀಕರಣದ ಗೆರೆಯ ಮೇಲೇ ಕೂತಿತು. ಪೊರೆ ಬದಲಿಸಿ ಮತ್ತೆ ಅಳೆದರು. ಮತ್ತೆ ಅದೇ.

ಎಳನೀರು ತೆಗೆದುಕೊಂಡು ಭಾವನನ್ನು ನೋಡಲು ಹೋದಾಗ ಆದ ಮಾತನ್ನು ಮೇಡಂ ಆಮೇಲೆ ನನಗೆ ಹೇಳಿದರು.

“ಈ ವಾರ ನೀರಿಗೆ ಅಷ್ಟು ಬಣ್ಣಾನೇ ಬರ್ತಿಲ್ಲ ಭಾವ.”

ಹಾಲೇಶಪ್ಪ ದಿಂಬಿಗೆ ಒರಗಿ ನಕ್ಕರು. “ಹೆಂಗೆ ಬರ್ತೈತೆ? ನಾನಿಲ್ಲಿ ಮಲಗೀನಿ. ಸೌಟು ಯಾರು ಹಾಕ್ತಾರೆ?”

“ಯಾವ ಸೌಟು?”

“ನೀರಿನ ಕಡೀಗೆ ಹಳೇ ಚೊಗರು, ಒಂದು ಸೌಟು. ಬರೀ ನೀರಿಟ್ಟು ಯಾರಾದ್ರೂ ಒಲೆ ಹಚ್ತಾರೇನವ್ವ? ನಿನಗೆ ತಿಳಿದಿರಲಿಕ್ಕಿಲ್ಲ ಅಂತ ನಾನೇ ದಿನಾ ಹಾಕ್ತಿದ್ದೆ.”

“ಎಷ್ಟು ಹಾಕ್ತಿದ್ರಿ?”

“ಅದಕ್ಕೆಂಥ ಲೆಕ್ಕ? ಕೈಗೆ ಬಂದಷ್ಟು.”

ಅಡಿಕೆ ಬೇಯಿಸುವವರ ಪದ್ಧತಿಯೇ ಅದು. ಹೋದ ವರ್ಷದ ಚೊಗರನ್ನು ಹೆಪ್ಪಿನ ಹಾಗೆ ಕಾಪಾಡಿಟ್ಟು, ಹೊಸ ನೀರಿಗೆ ಬೆರೆಸಿಯೇ ಬೆಂಕಿ ಹಾಕುತ್ತಾರೆ. ಬರೀ ನೀರಿನಲ್ಲಿ ಬೆಂದರೆ ಅಡಿಕೆ ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ತಮ್ಮನ ಹೆಂಡತಿಯ ಪ್ರಯೋಗ ಕೆಡದಿರಲಿ ಎಂದು ಹಾಲೇಶಪ್ಪ ಅಕ್ಕರೆಯಿಂದ ಸೌಟು ಎತ್ತಿದ್ದರು. ಮೇಡಂ ಸೊನ್ನೆ ಬರೆದ ಕಡೆ ಒಂದು ದಿನವೂ ಸೊನ್ನೆ ಇರಲಿಲ್ಲ. ಎಷ್ಟಿತ್ತು ಎಂದು ಹಾಲೇಶಪ್ಪನವರೂ ಹೇಳಲಾರರು. ಮೂರು ಸುಗ್ಗಿಯ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಗೈಡ್ ಗಾಬರಿಯಾಗಲಿಲ್ಲ. “ಈ ವಾರದ ಅಳತೆ ತೆಗೆದುಹಾಕಿ, ಉಳಿದದ್ದು ಒಪ್ಪಿಸಿ. ಅಡಿಕೆ ಬೇಯಿಸುವವರು ಬಂದು ನಿಮ್ಮ ಪ್ರಬಂಧ ಓದುತ್ತಾರೆಯೇ?” ಎಂದರು. ಮೇಡಂ ನನ್ನನ್ನೂ ಕೇಳಿದರು. ನಾನೂ ಒಪ್ಪಿಸಿಬಿಡಿ ಎಂದೆ. ಆ ವಯಸ್ಸಿನಲ್ಲಿ, ಮನೆ ಕಾಲೇಜು ಎರಡನ್ನೂ ತೂಗಿಸಿಕೊಂಡು ಆಕೆ ಬಸ್ಸಿನಲ್ಲಿ ಓಡಾಡಿದ್ದನ್ನು ಕಂಡವನು ನಾನು. ನನಗೆ ಸಂಕಟವಾಗುತ್ತಿತ್ತು.

ಪ್ರಬಂಧ ಒಪ್ಪಿಸುವ ಮೊದಲು ವಿಶ್ವವಿದ್ಯಾಲಯದಲ್ಲಿ ಎಲ್ಲರ ಮುಂದೆ ಅದನ್ನು ವಿವರಿಸಬೇಕು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೇಡಂ ಎದ್ದು ನಿಂತು, ರಂಧ್ರ ದೊಡ್ಡದಾಗುತ್ತದೆ ಎಂದು ತಾವು ಬರೆದದ್ದು ತಪ್ಪು, ನೀರಿನ ಬದಿಯಲ್ಲಿ ಮೊದಲೇ ಚೊಗರು ಸೇರಿತ್ತು ಎಂದರು. ಗೈಡ್ ತಲೆ ತಗ್ಗಿಸಿದರು. ಪ್ರಾಧ್ಯಾಪಕರೊಬ್ಬರು ಕೇಳಿದರು, “ಸೇರಿಸಿದವರು ಯಾರು? ಕೆಲಸದವರೇ?”

“ತಪ್ಪು ನನ್ನದು ಸರ್. ಸೊನ್ನೆ ಅಂತ ಬರೆದವಳು ನಾನು. ಒಂದು ದಿನವೂ ಅಳೆದು ನೋಡಲಿಲ್ಲ.”

ಭಾವನ ಹೆಸರು ಆಕೆಯ ಬಾಯಲ್ಲಿ ಬರಲೇ ಇಲ್ಲ. ಅಚ್ಚಾದ ಲೇಖನವನ್ನು ಹಿಂತೆಗೆದುಕೊಂಡರು, ಬಹುಮಾನವನ್ನು ವಾಪಸ್ಸು ಕಳಿಸಿದರು. ಹೊಸದಾಗಿ ಅಳೆಯಲು ಸುಗ್ಗಿ ಉಳಿದಿರಲಿಲ್ಲ. ಜೂನ್ ಬಂತು, ಹೋಯಿತು. ನೋಂದಣಿ ರದ್ದಾಯಿತು. ವಿಶ್ವವಿದ್ಯಾಲಯದಿಂದ ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಳದಿದ್ದ ಮೇಡಂ ರದ್ದಾದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅತ್ತರು.

ಹಾಲೇಶಪ್ಪ ಚೇತರಿಸಿಕೊಂಡು ಓಡಾಡುವಂತಾಗಿದ್ದರು. ಮೇಡಂ ಹೋದಾಗ ಅಂಗಳದಲ್ಲೇ ಕೇಳಿದರಂತೆ, “ನಾನು ಮಲಗಿದ್ದಕ್ಕೆ ಏನೂ ಕೆಡಲಿಲ್ಲ ತಾನೆ? ಡಾಕ್ಟ್ರಾದೆ ಏನವ್ವ?”

“ಹೂಂ ಭಾವ, ಆದೆ.”

ಮುದುಕ ಕೋಲು ಹಿಡಿದುಕೊಂಡೇ ಕೇರಿಯ ಮನೆಮನೆಗೂ ಹೋಗಿ ಹೇಳಿ ಬಂದರು. ಈಗ ತ್ಯಾವಣಿಗೆಯಲ್ಲಿ ಮೇಡಂ ಬಸ್ಸು ಇಳಿದರೆ ಸಾಕು, ಅಡಿಕೆ ಸುಲಿಯುವ ಹೆಂಗಸರು “ಡಾಕ್ಟ್ರಮ್ಮ ಬಂದ್ರು” ಅನ್ನುತ್ತಾರೆ. ಮೊನ್ನೆ ನಾನೂ ಜೊತೆಗಿದ್ದೆ. ಮೇಡಂ ನನ್ನ ಮುಖ ನೋಡಲಿಲ್ಲ. “ಹೂಂ ಕಣ್ರವ್ವ, ಬಂದೆ” ಎಂದು ಹೇಳಿ ಭಾವನ ಮನೆಯ ಕಡೆ ನಡೆದರು.